ಡ್ಯಾಕ್ ತಗೊಳ್ಳೋಕೆ ಮುಂಚೆ ಸ್ಪೀಕರ್ ಜಾಗ ಬದಲಾಯಿಸಿ ನೋಡಿ

ಪ್ರಶ್ನೆ: ನಮಸ್ತೆ ಸರ್, ನಮ್ಮದು ಚಿಕ್ಕಮಗಳೂರು. ಲ್ಯಾಪ್‌ಟಾಪ್‌ನ ಇಯರ್‌ಫೋನ್ ಜಾಕ್‌ನಿಂದ ವೈರ್ ಎಳೆದು ಹಳೇ ಸ್ಟೀರಿಯೋ ಆಂಪ್ಲಿಫೈಯರ್‌ಗೆ ಹಾಕಿದೀವಿ, ಅದರಿಂದ ಎರಡು ಬುಕ್‌ಶೆಲ್ಫ್ ಸ್ಪೀಕರ್. ಹಳೇ ಹೆಂಚಿನ ಮನೆ ಹಿಂದೆ ಹೊಸದಾಗಿ ಆರ್‌ಸಿಸಿ ಹಾಕಿ ಕಟ್ಟಿಸಿದ ರೂಮಲ್ಲಿ ಇಟ್ಟಿದೀವಿ, 12 ಅಡಿ ಉದ್ದ, 10 ಅಡಿ ಅಗಲ, ಎತ್ತರನೂ 10. ಸ್ಪೀಕರ್ ಎರಡೂ ಕಂಪ್ಯೂಟರ್ ಟೇಬಲ್ ಮೇಲೆ ಗೋಡೆಗೆ ತಾಗಿಸಿ ಇವೆ, ಒಂದು ಮೂಲೆಲಿ ಬರುತ್ತೆ. ನಾವು ಎದುರು ಗೋಡೆಗೆ ಹಾಕಿರೋ ದಿವಾನ್ ಮೇಲೆ ಕೂತ್ಕೊಂಡು ಕೇಳ್ತೀವಿ. ತಂದೆಗೆ ಕರ್ನಾಟಕ ಸಂಗೀತದ ಆರ್.ಕೆ. ಶ್ರೀಕಂಠನ್ ಅವರ ಗಾಯನ ಅಂದ್ರೆ ಪ್ರಾಣ, ನಾನು ಹಳೇ ಚಿತ್ರಗೀತೆ ಕೇಳ್ತೀನಿ. ತೊಂದರೆ ಏನಂದ್ರೆ ಚಾರ್ಜರ್ ಹಾಕಿದ ತಕ್ಷಣ ಗುಂಯ್ ಅನ್ನುತ್ತೆ, ಬೇಸ್ ಡಬಡಬ ಅಂತ ತುಂಬ್ಕೊಳ್ಳುತ್ತೆ, ಹಾಡೋರ ದನಿ ಮಾತ್ರ ಸ್ಪಷ್ಟ ಇಲ್ಲ, ಎಲ್ಲಿಂದ ಬರ್ತಿದೆ ಅಂತಾನೂ ಗೊತ್ತಾಗಲ್ಲ. ಅಂಗಡಿಯವರು 25 ಸಾವಿರದ ಡ್ಯಾಕ್ (ಕಂಪ್ಯೂಟರಿನ ಡಿಜಿಟಲ್ ಹಾಡನ್ನ ಆಂಪ್ಲಿಫೈಯರಿಗೆ ಹೋಗೋ ಸಿಗ್ನಲ್ ಮಾಡೋ ಪೆಟ್ಟಿಗೆ) ತಗೊಳ್ಳಿ, ಎಲ್ಲಾ ಸರಿಹೋಗುತ್ತೆ, ಆಮೇಲೆ ಹೈ-ರೆಸ್ ಫೈಲ್ (ಸಿಡಿಗಿಂತ ಹೆಚ್ಚು ವಿವರ ಇರೋ ಹಾಡಿನ ಫೈಲ್) ಹಾಕಿ ಅಂತಿದಾರೆ. ತಗೊಳ್ಳಬಹುದಾ?

ಉತ್ತರ: ಈಗ್ಲೇ ತಗೋಬೇಡಿ. ನೀವು ಬರೆದಿರೋ ಮೂರು ತೊಂದರೆಲಿ ಎರಡಕ್ಕೂ ಡ್ಯಾಕ್‌ಗೂ ಸಂಬಂಧಾನೇ ಇಲ್ಲ, ಮೂರನೇದು, ಅಂದ್ರೆ ಗುಂಯ್ ಅನ್ನೋದು, ಡ್ಯಾಕ್ ಹಾಕಿದ್ರೂ ಹೋಗ್ದೇ ಇರೋ ಸಾಧ್ಯತೆ ಚೆನ್ನಾಗೇ ಇದೆ. ಬೇಸ್ ತುಂಬ್ಕೊಳ್ಳೋದು ನಿಮ್ಮ ರೂಮಿನ ಅಳತೆಯಿಂದ ಮತ್ತೆ ಸ್ಪೀಕರ್ ಮೂಲೆಲಿ ಇರೋದ್ರಿಂದ, ದನಿ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗದೇ ಇರೋದು ಒಂದೋ ವೈರ್ ಉಲ್ಟಾ ಆಗಿರೋದ್ರಿಂದ ಇಲ್ಲಾ ಟೇಬಲ್ಲು ಗೋಡೆಗಳಿಂದ ಸೌಂಡ್ ವಾಪಸ್ ಬಡಿಯೋದ್ರಿಂದ. ಇವೆರಡೂ ದುಡ್ಡು ಖರ್ಚಿಲ್ದೆ ಒಂದು ಭಾನುವಾರ ಮಧ್ಯಾಹ್ನ ಕೂತು ಮುಕ್ಕಾಲು ಭಾಗ ಸರಿ ಮಾಡ್ಕೊಳ್ಳೋ ಕೆಲಸ. ಹಾಸನ, ಚಿಕ್ಕಮಗಳೂರು ಕಡೆ ಮನೆಗಳಿಗೆ ಹೋಗಿ ಸಿಸ್ಟಮ್ ಸೆಟ್ ಮಾಡಿಕೊಡುವಾಗ ನಾನು ನೋಡೋದು ಇದನ್ನೇ, ಜನ ಪೆಟ್ಟಿಗೆ ಬದಲಾಯಿಸ್ತಾನೇ ಇರ್ತಾರೆ, ಸ್ಪೀಕರ್ ಮಾತ್ರ ಮೊದಲ ದಿನ ಎಲ್ಲಿಟ್ರೋ ಅಲ್ಲೇ ಇರುತ್ತೆ.

ಮೊದಲು ಗುಂಯ್ ವಿಷಯ ಮುಗಿಸೋಣ, ಯಾಕಂದ್ರೆ ಅದು ಇರೋವರೆಗೂ ಬೇರೆ ಏನು ಮಾಡಿದ್ರೂ ಕಿವಿಗೆ ನೆಮ್ಮದಿ ಇರಲ್ಲ. ಚಾರ್ಜರ್ ತೆಗೆದ್ರೆ ನಿಂತುಹೋಗುತ್ತೆ ಅಂದ್ಮೇಲೆ ಆಂಪ್ಲಿಫೈಯರ್ ಸ್ಪೀಕರ್ ಎರಡರದ್ದೂ ತಪ್ಪಿಲ್ಲ ಅನ್ನಬಹುದು. ಖಾತ್ರಿಗೆ ಇನ್ನೊಂದು ಟೆಸ್ಟ್ ಮಾಡಿ, ಅದೇ ವೈರನ್ನ ಲ್ಯಾಪ್‌ಟಾಪ್‌ನಿಂದ ಕಿತ್ತು ಚಾರ್ಜಿಗೆ ಹಾಕದೇ ಇರೋ ಮೊಬೈಲಿಗೆ ಹಾಕಿ ಅದೇ ಹಾಡು ಹಚ್ಚಿ. ನಿಶ್ಶಬ್ದ ಇದ್ರೆ ವೈರೂ ಸರಿ ಇದೆ, ಆಂಪ್ಲಿಫೈಯರೂ ಸರಿ ಇದೆ, ತೊಂದರೆ ಇರೋದು ಲ್ಯಾಪ್‌ಟಾಪಿಗೂ ಆಂಪ್ಲಿಫೈಯರಿಗೂ ನಡುವೆ ಕರೆಂಟ್ ಕಡೆಯಿಂದ ಇರೋ ಸಂಬಂಧದಲ್ಲಿ.

ಅಲ್ಲಿ ಆಗ್ತಿರೋದು ಏನಂದ್ರೆ, ನಮ್ಮ ಮನೆ ಕರೆಂಟು 50 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಅಲೆಯೋದು. ಲ್ಯಾಪ್‌ಟಾಪ್ ಚಾರ್ಜರ್ ಮೂರು ಪಿನ್ನಿಂದು ಆಗಿದ್ದು ಆಂಪ್ಲಿಫೈಯರೂ ಅರ್ಥ್ ಆಗಿದ್ರೆ, ಎರಡೂ ಅರ್ಥ್ ವೈರ್ ಮೂಲಕ ಒಂದ್ಸಲ, ಆಡಿಯೋ ವೈರಿನ ಹೊರಗಿನ ಜಾಲರಿ ಮೂಲಕ ಇನ್ನೊಂದ್ಸಲ ಸೇರ್ಕೊಂಡು ಒಂದು ಸುತ್ತು ಆಗಿಬಿಡುತ್ತೆ, ಆ ಸುತ್ತಲ್ಲಿ ಸಣ್ಣ ಕರೆಂಟ್ ಹರಿದು ಅದೇ ಸ್ಪೀಕರಲ್ಲಿ 50, 100 ಹರ್ಟ್ಜ್‌ನ ಗುಂಯ್ ಆಗಿ ಕೇಳುತ್ತೆ. ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ. ಚಾರ್ಜರ್ ಎರಡು ಪಿನ್ನಿಂದು ಆಗಿದ್ರೆ, ಅಥವಾ ಮೂರು ಪಿನ್ ಇದ್ರೂ ಸಾಕೆಟ್ಟಿನ ಅರ್ಥ್ ನೆಲಕ್ಕೆ ಸೇರೇ ಇಲ್ದಿದ್ರೆ (ಹಳೇ ಮನೆಗಳಲ್ಲಿ ಇದು ತುಂಬಾನೇ ಸಾಮಾನ್ಯ), ಬೇರೆ ಥರ ಆಗುತ್ತೆ, ಚಾರ್ಜರ್ ಒಳಗಿನ ಕೆಪಾಸಿಟರ್ ಮೂಲಕ ಒಂಚೂರು ಕರೆಂಟ್ ಸೋರಿ ಬಂದು ಆಡಿಯೋ ವೈರಿನ ಜಾಲರಿ ಹಿಡ್ಕೊಂಡು ಆಂಪ್ಲಿಫೈಯರ್ ಕಡೆ ಹೋಗುತ್ತೆ, ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದ್ರೆ ಕೈಗೆ ಜುಂ ಅನ್ನೋದೂ ಇದರಿಂದಾನೇ. ನಿಮಗೆ ಹಂಗೆ ಜುಂ ಅನ್ನೋದಿದ್ರೆ ಆಡಿಯೋ ವಿಷಯ ಆಮೇಲೆ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಆ ರೂಮಿನ ಅರ್ಥಿಂಗ್ ನೋಡಿಸಿ. ಹೊಸ ರೂಮು ಕಟ್ಟಿಸುವಾಗ ಹಳೇ ಬೋರ್ಡಿಂದ ಎರಡು ವೈರ್ ಮಾತ್ರ ಎಳೆದುಬಿಟ್ಟಿರ್ತಾರೆ, ಅರ್ಥ್ ಎಳೆದಿರಲ್ಲ.

ಮಾಡಬೇಕಾದ್ದು ಹೇಳ್ತೀನಿ. ಲ್ಯಾಪ್‌ಟಾಪ್ ಚಾರ್ಜರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಗೋಡೆ ಸಾಕೆಟ್ಟಿಂದ ಬರೋ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಎಷ್ಟೋ ಮನೇಲಿ ಇಷ್ಟಕ್ಕೇ ಅರ್ಧಕ್ಕರ್ಧ ಕಮ್ಮಿ ಆಗಿದೆ. ಆಂಪ್ಲಿಫೈಯರಿಗೆ ಟಿವಿ ಅಥವಾ ಸೆಟ್‌ಟಾಪ್ ಬಾಕ್ಸ್ ವೈರೂ ಹಾಕಿದ್ರೆ ಅದನ್ನ ಕಿತ್ತು ನೋಡಿ, ಕೇಬಲ್ಲಿನ ವೈರ್ ತನ್ನದೇ ಬೇರೆ ಅರ್ಥ್ ಹೊತ್ಕೊಂಡು ಬಂದಿರುತ್ತೆ. ಅಷ್ಟಾದ್ರೂ ಹೋಗಲಿಲ್ಲ ಅಂದ್ರೆ ಲ್ಯಾಪ್‌ಟಾಪಿಗೂ ಆಂಪ್ಲಿಫೈಯರಿಗೂ ತಾಮ್ರದ ಸಂಬಂಧಾನೇ ಇಲ್ದಂಗೆ ಮಾಡಬೇಕು. ಅದಕ್ಕೆ ಸುಲಭದ ದಾರಿ ಒಂದು ಒಳ್ಳೆ ಬ್ಲೂಟೂತ್ ರಿಸೀವರ್ ತಗೊಂಡು ಆಂಪ್ಲಿಫೈಯರಿಗೆ ಹಾಕೋದು, ಅದಕ್ಕಿಂತ ಶುದ್ಧವಾದ ದಾರಿ ಆಪ್ಟಿಕಲ್ ವೈರು, ಅದರಲ್ಲಿ ಬರೋದು ಬೆಳಕು ಮಾತ್ರ, ಕರೆಂಟ್ ದಾಟೋಕೆ ದಾರಿನೇ ಇಲ್ಲ. ಮಾರ್ಕೆಟ್ಟಲ್ಲಿ ಗ್ರೌಂಡ್ ಲೂಪ್ ಐಸೋಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತೆ, ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತೆ, ಗುಂಯ್ ಅನ್ನೋದು ನಿಲ್ಲಿಸುತ್ತೆ ಆದ್ರೆ ತೀರಾ ಅಗ್ಗದ್ದು ಕೆಳಗಿನ ಬೇಸನ್ನ ಸ್ವಲ್ಪ ತಿಂದುಬಿಡುತ್ತೆ. ತೊಂದರೆ ಎಲ್ಲಿದೆ ಅಂತ ಪತ್ತೆ ಮಾಡೋಕೆ ಅದು ಚೆನ್ನಾಗಿದೆ, ಕಾಯಂ ಆಗಿ ಇಟ್ಕೊಳ್ಳೋಕೆ ನನಗೆ ಮನಸ್ಸಿಲ್ಲ.

ಈಗ ಅಂಗಡಿಯವರು ಹೇಳಿದ ಡ್ಯಾಕ್ ವಿಷಯ ಇಲ್ಲೇ ಬರುತ್ತೆ ನೋಡಿ. ಅದು ಯುಎಸ್‌ಬಿ ಡ್ಯಾಕ್, ಯುಎಸ್‌ಬಿ ವೈರಲ್ಲೂ ಗ್ರೌಂಡ್ ತಂತಿ ಇದೆ. ಲ್ಯಾಪ್‌ಟಾಪಿಂದ ಡ್ಯಾಕಿಗೆ, ಡ್ಯಾಕಿಂದ ಆಂಪ್ಲಿಫೈಯರಿಗೆ ಅದೇ ಸುತ್ತು ಹಂಗೇ ಇರುತ್ತೆ. 25 ಸಾವಿರ ಕೊಟ್ಟು ತಂದು ಹಾಕಿದ ಮೇಲೂ ಗುಂಯ್ ಅಂದ್ರೆ ಎಷ್ಟು ಬೇಜಾರಾಗುತ್ತೆ ಯೋಚ್ನೆ ಮಾಡಿ.

ಒಂದು ಮಾತು ಕೈಮುಗಿದು ಕೇಳ್ಕೊಳ್ತೀನಿ, ಗುಂಯ್ ನಿಲ್ಲಿಸೋಕೆ ಅಂತ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸೋದು, ಮೂರು ಪಿನ್ನನ್ನ ಎರಡು ಪಿನ್ನಿನ ಕನ್ವರ್ಟರ್ ಹಾಕಿ ಸಿಕ್ಕಿಸೋದು ಮಾಡಲೇಬೇಡಿ. ಸೌಂಡ್ ನಿಲ್ಲುತ್ತೆ ನಿಜ, ಆದ್ರೆ ಒಳಗೆ ಏನಾದ್ರೂ ಶಾರ್ಟ್ ಆದ ದಿನ ಆಂಪ್ಲಿಫೈಯರಿನ ಬಾಡಿಗೇ ಕರೆಂಟ್ ಬಂದಿರುತ್ತೆ, ಮುಟ್ಟೋದು ನಿಮ್ಮ ತಂದೆ ಕೈಯಲ್ಲೇ.

ಚಿಕ್ಕಮಗಳೂರು ಅಂದ್ಮೇಲೆ ಮಳೆಗಾಲದಲ್ಲಿ ಇನ್ವರ್ಟರ್ ಮೇಲೆ ಓಡಿಸೋದೂ ಇದ್ದೇ ಇರುತ್ತೆ. ಕರೆಂಟ್ ಇದ್ದಾಗ ಸರಿ ಇದ್ದು ಇನ್ವರ್ಟರಿಗೆ ಬಂದ ತಕ್ಷಣ ಜರ್ ಅಂದ್ರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಕಾಟ, ಪ್ಯೂರ್ ಸೈನ್ ವೇವ್ ಇರೋದ್ರಲ್ಲಿ ಹಂಗಾಗಲ್ಲ.

ಇನ್ನು ವೈರು. ಸ್ಪೀಕರ್ ಹಿಂದಿನ ಕೆಂಪು ಕಪ್ಪು ಟರ್ಮಿನಲ್ ಆಂಪ್ಲಿಫೈಯರಿನ ಕೆಂಪು ಕಪ್ಪಿಗೇ ಹೋಗಿದೆಯಾ ಎರಡೂ ಕಡೆ ನೋಡಿ. ಒಂದು ಸ್ಪೀಕರಲ್ಲಿ ಮಾತ್ರ ಉಲ್ಟಾ ಆಗಿದ್ರೆ ಒಂದರ ಕೋನ್ (ಸೌಂಡ್ ಹೊರಡಿಸೋಕೆ ಅಲ್ಲಾಡೋ ತಟ್ಟೆ) ಮುಂದೆ ಬರೋವಾಗ ಇನ್ನೊಂದರದ್ದು ಹಿಂದೆ ಹೋಗುತ್ತೆ, ದನಿ ಮಧ್ಯದಲ್ಲಿ ನಿಲ್ದೆ ರೂಮೆಲ್ಲಾ ಹರಡ್ಕೊಂಡಂಗೆ ಆಗುತ್ತೆ, ನೀವು ಬರೆದಿರೋದು ಹೆಚ್ಚುಕಮ್ಮಿ ಅದೇ ಲಕ್ಷಣ. ವೈರಿನ ಬಣ್ಣ ನಂಬೋಕಾಗಲ್ಲ ಅಂದ್ರೆ ಆಂಪ್ಲಿಫೈಯರ್ ಆಫ್ ಮಾಡಿ ಆ ಕಡೆ ವೈರ್ ಬಿಚ್ಚಿ, ಗಡಿಯಾರಕ್ಕೆ ಹಾಕೋ 1.5 ವೋಲ್ಟಿನ ಸೆಲ್ಲಿನ ಪ್ಲಸ್ಸನ್ನ ಕೆಂಪಿಗೆ ಹೋಗೋ ವೈರಿಗೆ, ಮೈನಸ್ಸನ್ನ ಕಪ್ಪಿಗೆ ಹೋಗೋ ವೈರಿಗೆ ಒಂದು ಕ್ಷಣ ಮುಟ್ಟಿಸಿ ತೆಗೀರಿ, ವೂಫರ್, ಅಂದ್ರೆ ಬೇಸ್ ಕೊಡೋ ದೊಡ್ಡ ಕೋನ್, ಹೊರಗೆ ಬರಬೇಕು. ಎರಡರಲ್ಲೂ ಹೊರಗೇ ಬಂದ್ರೆ ಸರಿ.

ತಂದೆಯವರ ಶ್ರೀಕಂಠನ್ ರೆಕಾರ್ಡಿಂಗ್ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತೆ. ರುದ್ರಪಟ್ಟಣ ನಮ್ಮ ಹಾಸನ ಜಿಲ್ಲೆದೇ, ಅರಕಲಗೂಡು ತಾಲ್ಲೂಕು, ಕಾವೇರಿ ದಂಡೆ, ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದು ಅಲ್ಲೇ, ಆಕಾಶವಾಣಿಲಿ ವರ್ಷಗಟ್ಟಲೆ ಕೆಲಸ ಮಾಡಿದೋರು. ಆ ಕಾಲದ ರೇಡಿಯೋ ರೆಕಾರ್ಡಿಂಗ್‌ಗಳು ಬಹುಪಾಲು ಮೋನೋ, ಅಂದ್ರೆ ಎರಡೂ ಸ್ಪೀಕರಿಗೆ ಹೋಗೋದು ಒಂದೇ ಸೌಂಡ್. ಹಂಗಾಗಿ ಸಿಸ್ಟಮ್ ಸರಿ ಇದ್ರೆ ಗಾಯಕರು ಎರಡು ಸ್ಪೀಕರಿನ ನಟ್ಟನಡುವೆ ಒಂದು ಕಡೆ ಕೂತು ಹಾಡ್ತಿದಾರೆ ಅನ್ನಿಸಬೇಕು. ಎಡಕ್ಕೆ ಎಳೆದ್ರೆ, ತಲೆ ಸುತ್ತ ತೇಲಿದಂಗೆ ಅನ್ನಿಸಿದ್ರೆ, ವೈರೋ ಜಾಗಾನೋ ತಪ್ಪಿದೆ ಅಂತ ಅರ್ಥ. ನಾನು ಎಲ್ಲಿ ಹೋದ್ರೂ ಮೊದಲು ಹಚ್ಚೋದು ಇಂಥ ಮೋನೋ ಗಾಯನಾನೇ, ಷೋರೂಮಿನ ಡೆಮೋ ಹಾಡಲ್ಲ, ಮನುಷ್ಯರ ದನಿ ಹೆಂಗಿರುತ್ತೆ ಅನ್ನೋದು ಎಲ್ಲರ ಕಿವಿಗೂ ಗೊತ್ತಿರುತ್ತೆ, ಅಲ್ಲಿ ತಪ್ಪಿದ್ರೆ ಬೇಗ ಸಿಕ್ಕಿಬೀಳುತ್ತೆ.

ಸ್ಪೀಕರ್ ವೈರಿಗೆ ದುಬಾರಿ ಕೇಬಲ್ ಬೇಡ. ಎಲೆಕ್ಟ್ರಿಕಲ್ ಅಂಗಡಿಲಿ ಸಿಗೋ 1.5 ಸ್ಕ್ವೇರ್ ಎಂಎಂ ತಾಮ್ರದ ಫ್ಲೆಕ್ಸಿಬಲ್ ವೈರ್ ಸಾಕು, ನಾಲ್ಕು ಮೀಟರ್ ಎಳೆದ್ರೂ ಹೋಗಿಬರೋ ದಾರಿ ಸೇರಿ ಸುಮಾರು 0.1 ಓಮ್ ರೆಸಿಸ್ಟೆನ್ಸ್ ಆಗುತ್ತೆ, 8 ಓಮ್ ಸ್ಪೀಕರ್ ಎದುರು ಅದೇನೂ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ, ನಿಮ್ಮ ರೂಮು. ಸೌಂಡು ಗಾಳಿಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಎದುರುಬದುರು ಇರೋ ಎರಡು ಗೋಡೆ ನಡುವೆ ಯಾವ ಬೇಸ್ ಸ್ವರದ ಅರ್ಧ ಅಲೆ ಸರಿಯಾಗಿ ಕೂರುತ್ತೋ ಆ ಸ್ವರ ಅಲ್ಲೇ ನಿಂತು ಊದ್ಕೊಳ್ಳುತ್ತೆ. ಲೆಕ್ಕ ಸುಲಭ, 343ನ್ನ ಗೋಡೆಗಳ ದೂರದ ಎರಡರಷ್ಟರಿಂದ ಭಾಗಿಸೋದು. ನಿಮ್ಮ 12 ಅಡಿಗೆ, ಅಂದ್ರೆ 3.66 ಮೀಟರಿಗೆ, ಸುಮಾರು 47 ಹರ್ಟ್ಜ್ ಬರುತ್ತೆ. 10 ಅಡಿಗೆ 56 ಹರ್ಟ್ಜ್. ತೊಂದರೆ ಇರೋದು ಇಲ್ಲೇ, ನಿಮ್ಮ ಅಗಲನೂ 10 ಎತ್ತರನೂ 10 ಅಂದ್ರೆ ಆ 56 ಹರ್ಟ್ಜ್ ಎರಡು ದಿಕ್ಕಿಂದ ಒಂದರ ಮೇಲೊಂದು ಕೂರುತ್ತೆ, ಅದರ ಎರಡರಷ್ಟು 112 ಹರ್ಟ್ಜ್ ಕೂಡ ಹಂಗೇ. 112ರ ಹತ್ತಿರ ಗಂಡಸರ ದನಿಯ ತಳಭಾಗ ಬರುತ್ತೆ. ಅಲ್ಲಿ ಊದ್ಕೊಂಡಾಗ ಅದರ ಮೇಲಿರೋ ಸಾಹಿತ್ಯದ ಅಕ್ಷರ, ಗಮಕದ ಸಣ್ಣ ಓಡಾಟ ಎಲ್ಲಾ ಮುಚ್ಚಿಹೋಗುತ್ತೆ. ಅಂದ್ರೆ ಬೇಸ್ ಜಾಸ್ತಿ ಅನ್ನೋದು, ದನಿ ಸ್ಪಷ್ಟ ಇಲ್ಲ ಅನ್ನೋದು ನೀವು ಎರಡು ತೊಂದರೆ ಅಂತ ಬರೆದಿದೀರಿ, ಬಹಳಷ್ಟು ಮಟ್ಟಿಗೆ ಅದು ಒಂದೇ ತೊಂದರೆ.

ಹೆಂಚಿನ ಮನೆಲಿ ಇದೇ ಸ್ಪೀಕರ್ ಇಟ್ಟಿದ್ರೆ ಇಷ್ಟು ಡಬಡಬ ಅಂತಿರಲಿಲ್ಲ ಅಂತ ನನಗನ್ಸುತ್ತೆ. ಹೆಂಚು ಹಗುರ, ಸಂದಿ ಇರುತ್ತೆ, ಮಾಡು ಇಳಿಜಾರು ಇರೋದ್ರಿಂದ ನೆಲಕ್ಕೆ ಸಮಾನಾಂತರ ಇಲ್ಲ, ಬೇಸ್ ಮೇಲಿಂದ ಹೊರಗೆ ಹೋಗಿಬಿಡುತ್ತೆ. ಆರ್‌ಸಿಸಿ ಒಂದು ಹನಿನೂ ಬಿಡಲ್ಲ, ಎಲ್ಲಾ ವಾಪಸ್ ಕಳಿಸುತ್ತೆ. ಸಾಧ್ಯ ಇದ್ರೆ ಒಂದು ದಿನ ಸಿಸ್ಟಮ್ಮನ್ನ ಹಳೇ ಮನೆ ಹಜಾರಕ್ಕೆ ತಗೊಂಡುಹೋಗಿ ಅದೇ ಹಾಡು ಕೇಳಿ ನೋಡಿ, ಪೆಟ್ಟಿಗೆ ಅದೇ, ವೈರ್ ಅದೇ, ಫೈಲ್ ಅದೇ. ವ್ಯತ್ಯಾಸ ಕೇಳಿದ ಮೇಲೆ ಡ್ಯಾಕ್ ಬೇಕಾ ಬೇಡ್ವಾ ಅನ್ನೋದು ನಿಮಗೇ ಗೊತ್ತಾಗುತ್ತೆ.

ರೂಮಲ್ಲೇ ಇಡಬೇಕು ಅಂದ್ರೆ ಹಿಂಗೆ ಮಾಡಿ. ಸ್ಪೀಕರ್ ಎರಡನ್ನೂ 10 ಅಡಿ ಗೋಡೆ ಕಡೆ ಇಟ್ಟು 12 ಅಡಿ ಉದ್ದಕ್ಕೆ ಮುಖ ಮಾಡಿ. ಮೂಲೆಲಿರೋದನ್ನ ಮೊದಲು ಹೊರಗೆ ತನ್ನಿ, ಗೋಡೆ ಪಕ್ಕ ಇಟ್ಟಾಗ ಬೇಸ್ ಜಾಸ್ತಿ ಆಗುತ್ತೆ, ಮೂಲೆಲಿ ಎರಡು ಗೋಡೆ ಸೇರಿ ಇನ್ನೂ ಜಾಸ್ತಿ, ಒಂದು ಸ್ಪೀಕರಿಗೆ ಮೂಲೆ ಇದ್ದು ಇನ್ನೊಂದಕ್ಕೆ ಇಲ್ದಿದ್ರೆ ಎಡಬಲ ಸಮ ಆಗೋಕೆ ಸಾಧ್ಯನೇ ಇಲ್ಲ. ಎರಡಕ್ಕೂ ಪಕ್ಕದ ಗೋಡೆ ಸಮಾನ ದೂರ ಇರಲಿ. ಹಿಂದಿನ ಗೋಡೆಯಿಂದ ಒಂದಡಿ, ಒಂದೂವರೆ ಅಡಿ ಮುಂದೆ ತಂದು ಕೇಳಿ, ಆಮೇಲೆ ನಾಲ್ಕು ನಾಲ್ಕು ಇಂಚು ಹಿಂದೆ ಮುಂದೆ ಮಾಡಿ. ಗೋಡೆಗೆ ಬಡಿದು ವಾಪಸ್ ಬರೋ ಸೌಂಡು ನೇರ ಸೌಂಡನ್ನ ಕೆಲವು ಕಡೆ ಹೊಡೆದುಹಾಕುತ್ತೆ, ಕೋನಿಗೂ ಗೋಡೆಗೂ ಎರಡಡಿ ಇದ್ರೆ ಸುಮಾರು 140 ಹರ್ಟ್ಜ್ ಹತ್ತಿರ ಒಂದು ಹಳ್ಳ ಬೀಳುತ್ತೆ, ಹಂಗಾಗಿ ಇಷ್ಟೇ ದೂರ ಅಂತ ನಾನು ಇಲ್ಲಿಂದ ಹೇಳೋಕಾಗಲ್ಲ, ನಿಮ್ಮ ಕಿವಿನೇ ಹೇಳಬೇಕು. ಸ್ಪೀಕರ್ ಹಿಂದೆ ಬೇಸ್ ತೂತು ಇದ್ದು ಗೋಡೆಯಿಂದ ದೂರ ತರೋಕೆ ಜಾಗ ಇಲ್ಲ ಅಂದ್ರೆ ಹಳೇ ಸಾಕ್ಸ್ ಸುತ್ತಿ ಆ ತೂತಿಗೆ ಸಡಿಲವಾಗಿ ತುರುಕಿ, ಬೇಸ್ ಇಳಿಯುತ್ತೆ, ಬೇಡ ಅನ್ನಿಸಿದ್ರೆ ತೆಗೆದ್ರಾಯ್ತು.

ಟೇಬಲ್ ಮೇಲೆ ಇಡಲೇಬೇಡಿ ಅನ್ನಲ್ಲ, ಆದ್ರೆ ಟೇಬಲ್ ಮೇಲೆ ಚಪ್ಪಟೆಯಾಗಿ ಕೂತಿರೋ ಸ್ಪೀಕರಿನ ಸೌಂಡ್ ಟೇಬಲ್ಲಿಗೆ ಬಡಿದು ದನಿಯನ್ನ ಡಬ್ಬದೊಳಗಿಂದ ಬಂದಂಗೆ ಮಾಡುತ್ತೆ. ಟೇಬಲ್ಲಿನ ಅಂಚಿಗೆ ತಂದು, ಕೆಳಗೆ ಗಟ್ಟಿ ಮರದ ತುಂಡೋ ಎರಡು ಇಟ್ಟಿಗೆಯೋ ಇಟ್ಟು, ಟ್ವೀಟರ್ (ಟ್ರೆಬಲ್ ಕೊಡೋ ಸಣ್ಣ ಸ್ಪೀಕರ್) ನೀವು ಕೂತಾಗ ಕಿವಿ ಮಟ್ಟಕ್ಕೆ ಬರೋ ಥರ ಎತ್ತರಿಸಿ. ಸ್ಟ್ಯಾಂಡ್ ಇದ್ರೆ ಇನ್ನೂ ಒಳ್ಳೇದು, ಊರಲ್ಲಿ ಯಾವ ವೆಲ್ಡಿಂಗ್ ಅಂಗಡಿಲಿ ಹೇಳಿದ್ರೂ ಮಾಡಿಕೊಡ್ತಾರೆ, ಪೈಪಿನೊಳಗೆ ಮರಳು ತುಂಬಿಸಿದ್ರೆ ಅಲ್ಲಾಡಲ್ಲ.

ಕೂರೋ ಜಾಗಾನೂ ಅಷ್ಟೇ ಮುಖ್ಯ, ದಿವಾನ್ ಹಿಂದಿನ ಗೋಡೆಗೆ ತಾಗಿದೆ ಅಂದ್ರೆ ಕಿವಿ ಇರೋದು ಬೇಸ್ ಅತಿ ಹೆಚ್ಚು ಇರೋ ಜಾಗದಲ್ಲಿ. ಮುಂದಕ್ಕೆ ಎಳೀರಿ. ರೂಮಿನ ಸರಿಯಾದ ಮಧ್ಯಕ್ಕೂ ಬೇಡ, ಅಲ್ಲಿ 47 ಹರ್ಟ್ಜ್ ಪೂರ್ತಿ ಮಾಯ ಆಗುತ್ತೆ. ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಆಸುಪಾಸು ಕಿವಿ ಬರೋ ಥರ ಕೂತು ಶುರು ಮಾಡಿ. ಎರಡು ಸ್ಪೀಕರಿನ ನಡುವಿನ ದೂರ, ಪ್ರತಿ ಸ್ಪೀಕರಿಂದ ನಿಮಗಿರೋ ದೂರ ಮೂರೂ ಹೆಚ್ಚುಕಮ್ಮಿ ಒಂದೇ ಆಗಿರಲಿ, ಸ್ಪೀಕರ್ ಮುಖ ಸ್ವಲ್ಪ ನಿಮ್ಮ ಕಡೆ ತಿರುಗಿರಲಿ. ಹತ್ತಿರ ಕೂತಷ್ಟೂ ರೂಮಿನ ಕಾಟ ಕಮ್ಮಿ, ದೂರ ಅರ್ಧ ಆದ್ರೆ ಸ್ಪೀಕರಿಂದ ನೇರ ಬರೋ ಸೌಂಡ್ 6 ಡಿಬಿ (ಡೆಸಿಬೆಲ್, ಸೌಂಡಿನ ಜೋರು ಅಳೆಯೋ ಅಳತೆ) ಏರುತ್ತೆ, ಗೋಡೆಯಿಂದ ಬರೋದು ಅಷ್ಟು ಏರಲ್ಲ. ಇದೊಂದನ್ನ ಮಾಡಿದ್ರೇ ಸಾಹಿತ್ಯ ಬಿಡಿಸಿ ಕೇಳೋಕೆ ಶುರುವಾಗುತ್ತೆ.

ರೂಮಿನ ಮಧ್ಯ ನಿಂತು ಚಪ್ಪಾಳೆ ತಟ್ಟಿ. ಟ್ರಿಣ್ ಅಂತ ಬಾಲ ಬಂದ್ರೆ ಟೈಲ್ಸ್ ನೆಲಕ್ಕೂ ಆರ್‌ಸಿಸಿ ತಾರಸಿಗೂ ನಡುವೆ ಸೌಂಡ್ ಓಡಾಡ್ತಿದೆ ಅಂತ. ನಿಮಗೂ ಸ್ಪೀಕರಿಗೂ ನಡುವೆ ದಪ್ಪ ಜಮಖಾನೆ ಹಾಸಿ, ಕಿಟಕಿಗೆ ದಪ್ಪ ಕರ್ಟನ್ ಹಾಕಿ. ಪಕ್ಕದ ಗೋಡೇಲಿ ಎಲ್ಲಿ ಹಾಕಬೇಕು ಅಂತ ಕಂಡುಹಿಡಿಯೋಕೆ, ನೀವು ಕೂತಿರಿ, ಮನೇಲಿ ಯಾರಾದ್ರೂ ಕನ್ನಡಿನ ಗೋಡೆ ಮೇಲೆ ಜಾರಿಸ್ತಾ ಹೋಗಲಿ, ಕನ್ನಡಿಲಿ ಸ್ಪೀಕರ್ ಕಾಣಿಸೋ ಜಾಗದಲ್ಲೇ ಪುಸ್ತಕದ ಕಪಾಟೋ ದಪ್ಪ ಪ್ಯಾನೆಲ್ಲೋ ಬರಬೇಕು. ಮೊಟ್ಟೆ ಟ್ರೇ ಅಂಟಿಸೋದು, ಅರ್ಧ ಇಂಚಿನ ಸ್ಪಂಜು ಹಚ್ಚೋದು ಮಾಡಬೇಡಿ, ಅದು ಮೇಲಿನ ಟ್ರೆಬಲ್ ಮಾತ್ರ ಹೀರಿ ಬೇಸನ್ನ ಹಂಗೇ ಬಿಟ್ಟು ಇನ್ನೂ ಮಂಕು ಮಾಡುತ್ತೆ. ಬೇಸಿಗೆ ದಪ್ಪ ಬೇಕು. ಅಟ್ಟದ ಮೇಲೆ ಹಳೇ ಬೂರುಗದ ಹತ್ತಿ ಹಾಸಿಗೆ ಇದ್ರೆ ಸುರುಳಿ ಸುತ್ತಿ ಸ್ಪೀಕರ್ ಹಿಂದಿನ ಎರಡು ಮೂಲೆಲಿ ನಿಲ್ಲಿಸಿ ನೋಡಿ, ನೋಡೋಕೆ ಚೆನ್ನಾಗಿರಲ್ಲ, ಮನೆಯವರು ಒಪ್ಪದೇ ಇರಬಹುದು, 112ರ ಕಡೆ ಮಾತ್ರ ಚೂರು ಹಿಡಿತ ಬರುತ್ತೆ. 56ಕ್ಕೆ ಅದೂ ಸಾಲಲ್ಲ, ಅದಕ್ಕೆ ಬೇಕಾದ ಸ್ವರವನ್ನ ಮಾತ್ರ ಏರಿಸಿ ಇಳಿಸೋ ಈಕ್ವಲೈಜರೇ ಗತಿ.

ಈಕ್ವಲೈಜರ್ ಅಂದ ತಕ್ಷಣ ಆಡಿಯೋ ಪ್ರಿಯರು ಮೂಗು ಮುರೀತಾರೆ, ನಾನು ಒಪ್ಪಲ್ಲ. ವಿಂಡೋಸಿಗೆ ಈಕ್ವಲೈಜರ್ ಎಪಿಒ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅಳೆಯೋಕೆ ರೂಮ್ ಈಕ್ಯೂ ವಿಝಾರ್ಡ್ ಇದೆ, ಅದೂ ಫ್ರೀ. ಅಳತೆ ಮೈಕ್ ಇದ್ರೆ ಒಳ್ಳೇದು, ಇಲ್ದಿದ್ರೆ ಟೋನ್ ಜನರೇಟರಲ್ಲಿ ಕಮ್ಮಿ ವಾಲ್ಯೂಮಲ್ಲಿ 40 ಹರ್ಟ್ಜಿಂದ 200ರವರೆಗೆ ನಿಧಾನಕ್ಕೆ ಏರಿಸ್ತಾ ನಿಮ್ಮ ಜಾಗದಲ್ಲಿ ಕೂತು ಕೇಳಿ, ಎಲ್ಲಿ ಧುತ್ತನೆ ಊದ್ಕೊಳ್ಳುತ್ತೋ ಬರ್ಕೊಳ್ಳಿ. 56, 112ರ ಹತ್ತಿರಾನೇ ಬಂದ್ರೆ ನನಗೆ ಆಶ್ಚರ್ಯ ಇಲ್ಲ. ಅಲ್ಲಿ ಕಿರಿದಾದ ಫಿಲ್ಟರ್ ಹಾಕಿ 4ರಿಂದ 6 ಡಿಬಿ ಇಳಿಸಿ. ಇಳಿಸೋದು ಮಾತ್ರ. ಎಲ್ಲಿ ಸ್ವರ ಮಾಯ ಆಗಿದೆಯೋ ಅಲ್ಲಿ ಏರಿಸೋಕೆ ಹೋದ್ರೆ ತೂತಿನ ಬಿಂದಿಗೆಗೆ ನೀರು ಹೊಯ್ದಂಗೆ, ಆಂಪ್ಲಿಫೈಯರ್ ದಣಿಯುತ್ತೆ, ಹಳ್ಳ ತುಂಬಲ್ಲ, ಅಲ್ಲಿ ಜಾಗ ಬದಲಾಯಿಸೋದೊಂದೇ ದಾರಿ.

ಲ್ಯಾಪ್‌ಟಾಪ್ ಒಳಗಿನ ಸೆಟ್ಟಿಂಗ್ ಬೇಗ ಹೇಳಿಬಿಡ್ತೀನಿ. ಸೌಂಡ್ ಸೆಟ್ಟಿಂಗಲ್ಲಿ ಆಡಿಯೋ ಎನ್‌ಹಾನ್ಸ್‌ಮೆಂಟ್, ಲೌಡ್‌ನೆಸ್ ಈಕ್ವಲೈಜೇಶನ್, ಸ್ಪೇಶಿಯಲ್ ಸೌಂಡ್, ಲ್ಯಾಪ್‌ಟಾಪ್ ಕಂಪನಿ ಹಾಕಿಕೊಟ್ಟಿರೋ ಡಾಲ್ಬಿ ಗಿಲ್ಬಿ ಎಲ್ಲಾ ಆಫ್ ಮಾಡಿ, ಅವು ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿಗೆ ಅಂತ ಮಾಡಿದವು, ನಿಮ್ಮ ಸ್ಪೀಕರಲ್ಲಿ ದನಿ ಕೆಡಿಸ್ತವೆ. ಎಡಬಲ ಬ್ಯಾಲೆನ್ಸ್ ಸಮ ಇದೆಯಾ, ಮೋನೋ ಆಡಿಯೋ ಆನ್ ಆಗಿಬಿಟ್ಟಿದೆಯಾ ನೋಡಿ. ಲ್ಯಾಪ್‌ಟಾಪ್ ವಾಲ್ಯೂಮ್ ತೊಂಬತ್ತರ ಹತ್ತಿರ ಇಟ್ಟು, ಜೋರು ಕಮ್ಮಿ ಮಾಡೋದನ್ನ ಆಂಪ್ಲಿಫೈಯರಿನ ನಾಬಲ್ಲಿ ಮಾಡಿ, ಉಲ್ಟಾ ಮಾಡಿದ್ರೆ, ಅಂದ್ರೆ ಲ್ಯಾಪ್‌ಟಾಪ್ ಇಪ್ಪತ್ತರಲ್ಲಿಟ್ಟು ಆಂಪ್ಲಿಫೈಯರ್ ಪೂರ್ತಿ ತಿರುಗಿಸಿದ್ರೆ ಹಾಡಿನ ಜೊತೆ ಗುಂಯ್, ಸುಂಯ್ ಎಲ್ಲಾ ದೊಡ್ಡದಾಗುತ್ತೆ. ವಿಂಡೋಸ್ ತನ್ನ ಮಿಕ್ಸರಲ್ಲಿ ಎಲ್ಲಾ ಸೌಂಡನ್ನೂ ಒಂದೇ ರೇಟಿಗೆ ಬದಲಾಯಿಸುತ್ತೆ, ಅದನ್ನ ತಪ್ಪಿಸೋಕೆ ಫೂಬಾರ್2000 ಥರದ ಪ್ಲೇಯರಲ್ಲಿ ವಸಾಪಿ ಎಕ್ಸ್‌ಕ್ಲೂಸಿವ್ ಅಂತ ಮೋಡ್ ಇದೆ, ಆದ್ರೆ ಅದನ್ನ ಹಾಕಿದ್ರೆ ಈಕ್ವಲೈಜರ್ ಎಪಿಒ ಕೆಲಸ ಮಾಡಲ್ಲ. ಎರಡರಲ್ಲಿ ಒಂದು ಆರಿಸಿ ಅಂದ್ರೆ ನಿಮ್ಮ ರೂಮಿಗೆ ನಾನು ಕಣ್ಣು ಮುಚ್ಚಿ ಈಕ್ವಲೈಜರ್ ಆರಿಸ್ತೀನಿ, ಮಿಕ್ಸರ್ ಮಾಡೋ ಬದಲಾವಣೆ ಕಿವಿಗೆ ಗೊತ್ತಾಗೋದು ಕಷ್ಟ, 56 ಹರ್ಟ್ಜಿನ ಗುಡ್ಡ ಬೀದಿಲಿ ಹೋಗೋರಿಗೂ ಕೇಳುತ್ತೆ.

ಹೈ-ರೆಸ್ ಫೈಲ್ ವಿಷಯ. ಸಿಡಿ ಅಂದ್ರೆ 16 ಬಿಟ್, 44.1 ಕಿಲೋಹರ್ಟ್ಜ್, 1982ರಿಂದ ಇದೆ. ಅದು 22 ಕಿಲೋಹರ್ಟ್ಜ್ ಹತ್ತಿರದವರೆಗೂ ಹಿಡಿಯುತ್ತೆ, ಮನುಷ್ಯರ ಕಿವಿ ಎಳೇ ವಯಸ್ಸಲ್ಲೇ ಸುಮಾರು 20ರವರೆಗೆ, ವಯಸ್ಸಾದಂತೆ ಇನ್ನೂ ಕೆಳಗಿಳಿಯುತ್ತೆ. ಅತಿ ಮೆಲ್ಲಗಿನ ಸೌಂಡಿಗೂ ಅತಿ ಜೋರಿಗೂ 96 ಡಿಬಿ ಅಂತರ ಅದರಲ್ಲಿ ಸಿಗುತ್ತೆ, ಆಷಾಢದ ಮಳೆ ತಗಡಿನ ಮೇಲೆ ಸುರಿಯುವಾಗ ನಿಮ್ಮ ರೂಮಲ್ಲಿ ಅದರ ಅರ್ಧನೂ ಕೇಳಲ್ಲ. ಹಂಗಾಗಿ 24 ಬಿಟ್ 192 ಕಿಲೋಹರ್ಟ್ಜ್ ಹೈ-ರೆಸ್ ಅಂತ ದುಡ್ಡು ಕೊಡೋ ಅಗತ್ಯ ಇಲ್ಲ, ಅದರಲ್ಲೂ ಅರವತ್ತು ಎಪ್ಪತ್ತರ ದಶಕದ ಟೇಪಿಂದ ಬಂದ ಗಾಯನಕ್ಕೆ ಆ ಟೇಪಲ್ಲಿ ಏನಿದೆಯೋ ಅಷ್ಟೇ ಸಿಗೋದು. ಆದ್ರೆ ಕೆಟ್ಟ ಎಂಪಿ3 ಮಾತ್ರ ನಿಜವಾಗ್ಲೂ ಕೆಡಿಸುತ್ತೆ. ಯಾರೋ ಪೆನ್‌ಡ್ರೈವಲ್ಲಿ ಕೊಟ್ಟ ಫ್ಲಾಕ್ (ಏನೂ ಕಳ್ಕೊಳ್ದೆ ಕುಗ್ಗಿಸಿದ ಹಾಡಿನ ಫೈಲ್) ಫೈಲೆಲ್ಲಾ ಅಸಲಿ ಅಂತ ನಂಬಬೇಡಿ, 128 ಕೆಬಿಪಿಎಸ್ ಎಂಪಿ3ನ ಫ್ಲಾಕ್ ಮಾಡಿದ್ರೆ ಹೋದದ್ದು ವಾಪಸ್ ಬರಲ್ಲ, ಫೈಲ್ ದೊಡ್ಡದಾಗುತ್ತೆ ಅಷ್ಟೇ. ಸ್ಪೆಕ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ತೆಗೆದು ನೋಡಿ, ಸ್ಟುಡಿಯೋದಲ್ಲಿ ಮಾಡಿದ ಹೊಸ ಹಾಡಿನಲ್ಲೂ 16 ಕಿಲೋಹರ್ಟ್ಜ್ ಹತ್ತಿರ ಚಾಕುವಲ್ಲಿ ಕತ್ತರಿಸಿದಂಗೆ ನಿಂತಿದ್ರೆ ಅದು ಎಂಪಿ3ಯಿಂದ ಬಂದದ್ದೇ ಇರಬೇಕು. ಮನೇಲಿ ತಂದೆಯವರ ಸಿಡಿ ಇದ್ರೆ ಎಕ್ಸಾಕ್ಟ್ ಆಡಿಯೋ ಕಾಪಿಲಿ ನೀವೇ ಫ್ಲಾಕ್ ಮಾಡಿಕೊಳ್ಳಿ, ಅದಕ್ಕಿಂತ ಒಳ್ಳೆ ಮೂಲ ಸಿಗಲ್ಲ.

ಇಷ್ಟೆಲ್ಲಾ ಆದ್ಮೇಲೆ ಡ್ಯಾಕ್ ಬೇಕಾ ನೋಡಿ. ಬ್ಯಾಟರಿ ಮೇಲೆ ಓಡಿಸುವಾಗಲೂ ಮೌಸ್ ಅಲ್ಲಾಡಿಸಿದ್ರೆ, ಪೇಜ್ ಸ್ಕ್ರೋಲ್ ಮಾಡಿದ್ರೆ ಕಿರ್ ಅಂತ ಬಂದ್ರೆ ಲ್ಯಾಪ್‌ಟಾಪ್ ಒಳಗಿನ ಸೌಂಡ್ ಸರ್ಕ್ಯೂಟಿಗೆ ಗಲೀಜು ಸೇರ್ತಿದೆ, ಆಗ ಹೊರಗಿನ ಡ್ಯಾಕ್ ಬೇಕು. ಅದಕ್ಕೂ 25 ಸಾವಿರ ಬೇಡ, ಒಳ್ಳೆ ಕಂಪನಿಯ ಸಣ್ಣ ಯುಎಸ್‌ಬಿ ಡಾಂಗಲ್ ಡ್ಯಾಕ್‌ಗಳು ಇವತ್ತು ಕಿವಿಗೆ ಗೊತ್ತಾಗೋ ತಪ್ಪು ಮಾಡೋದೇ ಇಲ್ಲ. ಆಪ್ಟಿಕಲ್ ಇನ್‌ಪುಟ್ ಇರೋ ಡ್ಯಾಕ್ ತಗೊಂಡು, ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ ಆಪ್ಟಿಕಲ್ ಮಾಡೋ ಕನ್ವರ್ಟರ್ ಹಾಕಿದ್ರೆ ಗ್ರೌಂಡ್ ಲೂಪೂ ಅದರಲ್ಲೇ ಮುಗಿದುಹೋಗುತ್ತೆ, ನಿಮ್ಮ ಥರದ ಮನೆಗೆ ನಾನು ಹೇಳೋದಾದ್ರೆ ಅದೇ. ಉಳಿದ ದುಡ್ಡು ಸ್ಪೀಕರಿಗೆ ಇಡಿ, ಸೌಂಡ್ ಬದಲಾಗೋದು ಅಲ್ಲಿ.

ನಿಮ್ಮ ಸ್ಪೀಕರ್ ಎಷ್ಟು ಹಳೇದು ಬರೆದಿಲ್ಲ. ಮುಂದಿನ ಜಾಲರಿ ತೆಗೆದು ವೂಫರ್ ಸುತ್ತ ಇರೋ ಅಂಚು ನೋಡಿ. ರಬ್ಬರ್ ಆಗಿದ್ರೆ ಬಹಳ ಕಾಲ ಬಾಳುತ್ತೆ, ಫೋಮ್ ಆಗಿದ್ರೆ ನಮ್ಮ ಕಡೆ ಥಂಡಿಗೆ ಪುಡಿಪುಡಿ ಆಗಿ ಉದುರುತ್ತೆ, ಬೆರಳಲ್ಲಿ ಮೆಲ್ಲಗೆ ಒತ್ತಿದ್ರೆ ಗೊತ್ತಾಗುತ್ತೆ. ಉದುರಿದ್ರೆ ಬೇಸ್ ಹರಕು ಹರಕಾಗಿ ಬರುತ್ತೆ. ಇಡೀ ಸ್ಪೀಕರ್ ಎಸೀಬೇಡಿ, ಕೋನ್ ರಿಪೇರಿ ಮಾಡೋರ ಹತ್ರ ಅಂಚು ಮಾತ್ರ ಹಾಕಿಸಬಹುದು, ಇಲ್ಲಿ ಯಾರೂ ಸಿಗಲಿಲ್ಲ ಅಂದ್ರೆ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ವಿಚಾರಿಸಿ. ಆಂಪ್ಲಿಫೈಯರಿನ ವಾಲ್ಯೂಮ್ ತಿರುಗಿಸುವಾಗ ಕರಕರ ಅಂದ್ರೆ ಅದೂ ಥಂಡಿದೇ ಕೆಲಸ, ಪ್ಲಗ್ ಕಿತ್ತು ಕಾಂಟಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹಲವು ಸಲ ಆ ಕಡೆ ಈ ಕಡೆ ತಿರುಗಿಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಮಳೆಗಾಲದಲ್ಲಿ ಸಿಸ್ಟಮ್ಮನ್ನ ಬಟ್ಟೆ ಮುಚ್ಚಿ ತಿಂಗಳುಗಟ್ಟಲೆ ಸುಮ್ನೆ ಇಡಬೇಡಿ, ದಿನಾ ಸ್ವಲ್ಪ ಹೊತ್ತಾದ್ರೂ ಹಚ್ಚಿ, ಒಳಗಿನ ಶಾಖಕ್ಕೆ ತೇವ ಆರುತ್ತೆ, ಹಾಸಿಗೆ ಸುರುಳಿ ಇಟ್ಟಿದ್ರೆ ಬಿಸಿಲು ಬಂದಾಗಲೆಲ್ಲಾ ಒಣಗಿಸಿ, ಇಲ್ದಿದ್ರೆ ಬೂಷ್ಟು ಹಿಡಿಯುತ್ತೆ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿನ ಮಳೆಗೆ ಮಾತ್ರ ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಪ್ಲಗ್ಗನ್ನೇ ಕೀಳಿ, ಲ್ಯಾಪ್‌ಟಾಪಿಗೆ ಇಂಟರ್ನೆಟ್ಟಿನ ತಾಮ್ರದ ವೈರ್ ಬಂದಿದ್ರೆ ಅದನ್ನೂ ಕೀಳಿ, ಸಿಡಿಲಿನ ಹೊಡೆತ ಆ ದಾರಿಲೂ ಒಳಗೆ ಬಂದು ಲ್ಯಾಪ್‌ಟಾಪ್, ಆಡಿಯೋ ವೈರ್, ಆಂಪ್ಲಿಫೈಯರ್ ಅಂತ ಸಾಲಾಗಿ ಸುಟ್ಟುಹಾಕುತ್ತೆ.